ಇಲಿಗೆ ಸಿಕ್ಕ ಸಮಾಧಾನ

ಇಥಿಯೋಪಿಯದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಧೂಪದಾನಿಯಿಂದೇಳುವ ಹೊಗೆಗೆ ಮುಖ್ಯ ಮೂಲ ಬೋಸ್ವೆಲಿಯಾ ಪ್ಯಾಪಿರಿಫೆರಾ ಎಂಬ ಮರದ ರಾಳ. ಉತ್ತರದ ಒಣ ಸೀಮೆಯ ಈ ಮರದ ತೊಗಟೆ ಕೆತ್ತಿದರೆ ಹಾಲಿನಂಥ ರಸ ಒಸರಿ ಗಾಳಿಗೆ ಗಟ್ಟಿಯಾಗುತ್ತದೆ. ಅದನ್ನು ಬಟ್ಟಿ ಇಳಿಸಿ, ಬಂದ ಎಣ್ಣೆಯನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದರೆ ಸಿಂಹಪಾಲು ಆಕ್ಟೈಲ್ ಅಸಿಟೇಟ್. ಜೊತೆಗೆ ಇನ್ಸೆನ್ಸೋಲ್ ಮತ್ತು ಇನ್ಸೆನ್ಸೋಲ್ ಅಸಿಟೇಟ್. ಈ ಕೊನೆಯದನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ಆತಂಕ ತಗ್ಗಿತೆಂದು 2008ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಮಿದುಳಿನಲ್ಲಿರುವ ಟಿಆರ್‌ಪಿವಿ3 ಎಂಬ ಪ್ರೋಟೀನನ್ನು ಅದು ಚುರುಕುಗೊಳಿಸುತ್ತದೆ. ಆ ಪ್ರೋಟೀನಿಲ್ಲದ ಇಲಿಗಳಲ್ಲಿ ಪರಿಣಾಮವೂ ಇರಲಿಲ್ಲ. ಹಾಗಾದರೆ ಭಕ್ತರು ದೇವರ ಸನ್ನಿಧಿ ಎಂದು ಭಾವಿಸಿದ್ದು ಒಂದು ಅಣುವಿನ ಕೆಲಸವೇ?

ಈ ಪ್ರಶ್ನೆ ಹೊಸದಲ್ಲ. ದಮಸ್ಕದ ದಾರಿಯಲ್ಲಿ ಸಂತ ಪೌಲನಿಗಾದ ದರ್ಶನವನ್ನು ಮೂರ್ಛೆರೋಗದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವವರನ್ನು ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ತರಾಟೆಗೆ ತೆಗೆದುಕೊಂಡಿದ್ದ. ಭಕ್ತನ ಅನುಭವಕ್ಕೆ ಮಿದುಳಿನ ಆಧಾರವಿದೆ ಎಂದಾದರೆ ನಾಸ್ತಿಕನ ಸಂಶಯಕ್ಕೂ ಇದೆ. ಒಂದನ್ನು ಮಾತ್ರ ದೇಹಕ್ಕೆ ಇಳಿಸಿ ಇನ್ನೊಂದನ್ನು ಸತ್ಯವೆಂದು ಉಳಿಸಿಕೊಳ್ಳುವುದು ನ್ಯಾಯವಲ್ಲ ಎಂಬುದು ಅವನ ವಾದದ ತಿರುಳು. ಒಪ್ಪತಕ್ಕದ್ದೇ. ಆದರೆ ಧೂಪದ ವಿಷಯದಲ್ಲಿ ಅಷ್ಟು ದೂರ ಹೋಗುವ ಮೊದಲೇ ರಸಾಯನಶಾಸ್ತ್ರವೇ ಅಡ್ಡ ನಿಲ್ಲುತ್ತದೆ. ಸೊಮಾಲಿಯದ ಬೋಸ್ವೆಲಿಯಾ ಫ್ರೆರೆಯಾನಾ ಮರದ ರಾಳವನ್ನೇ ನೋಡಿ. ಈಜಿಪ್ಟಿನ ಕಾಪ್ಟಿಕ್ ಚರ್ಚಿನ ಧೂಪವೆಂದೇ ಅದಕ್ಕೆ ಹೆಸರು. ಅದರ ಎಣ್ಣೆಯಲ್ಲಿ ಎದ್ದು ಕಾಣುವವು ಆಲ್ಫಾ-ಥುಜೀನ್, ಆಲ್ಫಾ-ಪೈನೀನ್‌ಗಳಂಥ ಹಗುರ ಟರ್ಪೀನುಗಳು. ಇನ್ಸೆನ್ಸೋಲ್ ಅಸಿಟೇಟ್ ಅದರ ಗುರುತಲ್ಲ. ಎರಡು ಸೋದರ ಚರ್ಚುಗಳು, ಎರಡು ಬೇರೆ ಎಣ್ಣೆಗಳು, ಪ್ರಾರ್ಥನೆಯಲ್ಲಿ ಧೂಪಕ್ಕೆ ಒಂದೇ ಸ್ಥಾನ. ಪೂಜೆಯ ಅರ್ಥ ಆ ಒಂದು ಅಣುವಿನಲ್ಲಿದ್ದಿದ್ದರೆ ಕಾಪ್ಟಿಕ್ ಧೂಪಕ್ಕೆ ಅರ್ಥವೇ ಇರಬಾರದಿತ್ತು. ಇನ್ನೂ ಒಂದು ಮಾತು: ಬಟ್ಟಿ ಇಳಿಸಿದ ಎಣ್ಣೆ, ಕೆಂಡದ ಮೇಲೆ ಉರಿದ ಹೊಗೆ, ಇಲಿಗೆ ಚುಚ್ಚಿದ ಶುದ್ಧ ವಸ್ತು, ಈ ಮೂರೂ ಒಂದೇ ಅಲ್ಲ. ಔಷಧಿಯ ಗುಣಕ್ಕೆ ಹೆಸರಾದ ಬೋಸ್ವೆಲಿಕ್ ಆಮ್ಲಗಳು ಭಾರವಾದ್ದರಿಂದ ಎಣ್ಣೆಯೊಂದಿಗೆ ಏರಿ ಬರುವುದೇ ಇಲ್ಲ. ಬಾಟಲಿಯ ಮೇಲೆ ಅವುಗಳ ಹೆಸರು ಅಚ್ಚು ಹಾಕುವ ವ್ಯಾಪಾರಿಗಳ ತಲೆಯನ್ನು ಇದು ಅಷ್ಟಾಗಿ ಕೆಡಿಸಿದಂತಿಲ್ಲ.

ಸಂಶಯವಾದಿ ಇಷ್ಟಕ್ಕೆ ಸುಮ್ಮನಾಗಬೇಕಿಲ್ಲ. ಈ ಅಣುವಲ್ಲದಿದ್ದರೆ ಇನ್ನೊಂದು. ಪೈನೀನೂ ಮನಸ್ಸನ್ನು ಮುಟ್ಟಬಹುದು, ಅದೂ ಅಲ್ಲದಿದ್ದರೆ ಬಾಲ್ಯದಿಂದ ಆದ ರೂಢಿ ಎಂದು ಅವನು ಹೇಳಬಹುದು. ಇರಲಿ, ಪರಿಮಳ ಮನಸ್ಸನ್ನು ಹದಗೊಳಿಸುತ್ತದೆ ಎಂದೇ ಒಪ್ಪೋಣ. ಆದರೆ ಧೂಪ ಹಾಕುವವನು ನೆಮ್ಮದಿ ಬೇಡಿ ಹಾಕುವುದಿಲ್ಲ, ತನ್ನದೊಂದನ್ನು ಅರ್ಪಿಸುತ್ತಾನೆ. ಅರ್ಪಣೆ ಯಾರಿಗೆ, ಅವನು ಇದ್ದಾನೆಯೇ ಎಂಬುದು ದೊಡ್ಡ ಪ್ರಶ್ನೆ. ಇಲಿಯ ನೆಮ್ಮದಿಯಿಂದ ಅದಕ್ಕೆ ಉತ್ತರ ದೊರೆಯುವುದಿಲ್ಲ, ಇಲ್ಲವೆಂದೂ, ಹೌದೆಂದೂ. ಹೌದೆಂಬ ಉತ್ತರವೂ ಸಿಗದು ಎಂಬ ಈ ಎರಡನೆಯ ಮಾತು ಆಸ್ತಿಕರಿಗೆ ಸಲ್ಲುತ್ತದೆ. ಸಂಶೋಧನೆಯನ್ನು ಕೈಯಲ್ಲಿ ಹಿಡಿದು, ಹಿರಿಯರ ಆಚರಣೆಯನ್ನು ವಿಜ್ಞಾನವೇ ಸಮರ್ಥಿಸಿತು ಎಂದು ಬೀಗುವವರು ತಮಗೆ ಅರಿವಿಲ್ಲದೆಯೇ ಅರ್ಪಣೆಯನ್ನು ಮಾತ್ರೆಯ ಮಟ್ಟಕ್ಕೆ ಇಳಿಸುತ್ತಿದ್ದಾರೆ. ನಾಳೆ ಇನ್ನೊಂದು ಪ್ರಯೋಗ ವ್ಯತಿರಿಕ್ತ ಫಲ ಕೊಟ್ಟರೆ ಧೂಪದಾನಿಯನ್ನು ಆರಿಸುತ್ತಾರೆಯೇ?

ಅಣುವಿಗೂ ಅರ್ಪಣೆಗೂ ಇರುವ ಈ ಭೇದಕ್ಕೆ ಕಾಡಿನಲ್ಲೂ ಬೆಲೆಯಿದೆ. ಆಕ್ಟೈಲ್ ಅಸಿಟೇಟನ್ನು ಕಾರ್ಖಾನೆಯಲ್ಲೇ ತಯಾರಿಸಬಹುದು. ಅಣುವೇ ಸರ್ವಸ್ವವೆನ್ನುವವನಿಗೆ ಮರ ಅಳಿದರೂ ನಷ್ಟವಿಲ್ಲ. ಅರ್ಪಿಸುವವನಿಗೆ ಇದೆ. ಪ್ಯಾಪಿರಿಫೆರಾ ಕಾಡುಗಳಲ್ಲಿ ಮುದಿಮರಗಳೇ ಉಳಿದಿವೆ, ಎಳೆಯ ಸಸಿ ಮೇಲೇಳುತ್ತಿಲ್ಲ, ಹೀಗೇ ನಡೆದರೆ ಸುಮಾರು 20 ವರ್ಷಗಳಲ್ಲಿ ಇಳುವರಿ ಅರ್ಧಕ್ಕಿಳಿಯಬಹುದು ಎಂದು 2019ರ ಅಧ್ಯಯನವೊಂದು ಎಚ್ಚರಿಸಿತು. ದನಕರುಗಳ ಮೇಯುವಿಕೆ, ಬೆಂಕಿ, ಬಿಡುವಿಲ್ಲದೆ ಕೆತ್ತುವುದು ಇವೆಲ್ಲ ಕಾರಣ. ತನ್ನದಲ್ಲದ ಮರವನ್ನು ಬಸಿದು ತಂದ ರಾಳ ಎಷ್ಟರ ಮಟ್ಟಿಗೆ ತನ್ನ ಅರ್ಪಣೆಯಾದೀತು ಎಂಬುದನ್ನು ಇಂದಿನ ಚರ್ಚುಗಳು, ಧೂಪ ಕೊಳ್ಳುವ ಬೇರೆಲ್ಲ ಮತದವರಂತೆಯೇ, ತಮ್ಮ ಧರ್ಮಶಾಸ್ತ್ರದೊಳಗೇ ಕೇಳಿಕೊಳ್ಳಬೇಕಾಗುತ್ತದೆ.