ಕಂಸದೊಳಗಿನ ನೂರು

ನಿಜವನ್ನೇ ಹೇಳಿಯೂ ತಪ್ಪುಗಾರನಾಗುವುದು ಸಾಧ್ಯವೆ? ಸುಳ್ಳು ಹೇಳಿ ಸಿಕ್ಕಿಬಿದ್ದವರ ಕಥೆ ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರುವುದು ಬೇರೆಯ ಸಂಗತಿ. ನಾನು ಬರೆದುದು ಅಕ್ಷರಶಃ ನಿಜ. ಬರೆದ ಬಗೆಯೂ ಶಾಸ್ತ್ರಸಮ್ಮತ. ಆದರೂ ಅದರ ದೆಸೆಯಿಂದ ಒಬ್ಬನ ಸಂಪಾದನೆಗೆ ಕತ್ತರಿ ಬಿದ್ದಿತು.

1989ರಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ನಕ್ಷೆಯ ವಿಭಾಗಕ್ಕೆ ನಾನು ಹೊಸದಾಗಿ ಸೇರಿದ್ದೆ. ಯಂತ್ರದ ಭಾಗಗಳ ನಕ್ಷೆಯನ್ನು ನೋಡಿದವರು ಕೆಲವು ಅಳತೆಗಳ ಸುತ್ತ ಕಂಸ ಹಾಕಿರುವುದನ್ನು ಗಮನಿಸಿರಬಹುದು. ಉಲ್ಲೇಖದ ಅಳತೆ, ಸಹಾಯಕ ಅಳತೆ ಎಂದು ಅದಕ್ಕೆ ಹೆಸರು. ಅಮೆರಿಕದವರು ಹಿಂದೆ ಅಂಕಿಯ ಪಕ್ಕದಲ್ಲಿ ‘ರೆಫ್’ ಎಂದು ಬರೆಯುತ್ತಿದ್ದರು. ಆಮೇಲೆ ಅವರೂ ಕಂಸಕ್ಕೇ ಬಂದರು. ನಮ್ಮಲ್ಲಿ 1986ರ ಐ.ಎಸ್. 11669 ಎಂಬ ಮಾನಕ ಹೇಳುವುದು ಇಷ್ಟು: ಕಂಸದೊಳಗಿನ ಅಳತೆ ತಿಳಿವಳಿಕೆಗೆ ಮಾತ್ರ. ತಯಾರಿಕೆಯಾಗಲಿ ಪರೀಕ್ಷೆಯಾಗಲಿ ಅದರ ಅಂಕೆಯಲ್ಲಿಲ್ಲ. ಅದಕ್ಕೆ ಹೆಚ್ಚು-ಕಡಮೆಯ ಮಿತಿಯನ್ನೂ ಕೊಡಕೂಡದು.

ಇದರಲ್ಲಿ ವಿವೇಕವಿದೆ. ಮೂರು ಮೆಟ್ಟಿಲುಗಳ ಒಂದು ದಂಡವಿದೆಯೆನ್ನಿ. ಮೆಟ್ಟಿಲುಗಳ ಉದ್ದ 20, 30, 50 ಮಿಲಿಮೀಟರು. ಒಂದೊಂದೂ ದಶಮಾಂಶ ಒಂದರಷ್ಟು ಹೆಚ್ಚಾಗಬಹುದು, ಕಡಮೆಯಾಗಬಹುದು. ಹಾಗಾದರೆ ಒಟ್ಟು ಉದ್ದ 99.7ರಿಂದ 100.3ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದಷ್ಟೆ. ಒಟ್ಟಿಗೂ ದಶಮಾಂಶ ಒಂದರ ಮಿತಿಯನ್ನೇ ಹಾಕಿದರೆ ಒಂದು ಕಾಗದದ ಮೇಲೆ ಇಬ್ಬರು ಯಜಮಾನರಾದಂತಾಯಿತು. ಮೂರು ಅಪ್ಪಣೆಗಳನ್ನು ಪಾಲಿಸಿದವನು ನಾಲ್ಕನೆಯದರಲ್ಲಿ ಅಪರಾಧಿಯಾಗುತ್ತಾನೆ. ಆದುದರಿಂದ ನಾಲ್ಕರಲ್ಲಿ ಒಂದು ಅಧಿಕಾರವನ್ನು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟದ್ದು ಕಂಸಕ್ಕೆ ಹೋಗುತ್ತದೆ. ಅಲ್ಲಿದ್ದರೂ ಅದು ನಿರುಪಯೋಗಿಯಲ್ಲ. ಕಂಬಿಯನ್ನು ಕತ್ತರಿಸುವವನಿಗೂ ಪೆಟ್ಟಿಗೆ ಮಾಡುವ ಬಡಗಿಗೂ ಅದೇ ಅಂಕಿ ಸಾಕು.

ಯಾವುದನ್ನು ಕಂಸಕ್ಕೆ ಕಳಿಸಬೇಕೆಂಬುದೇ ಪ್ರಶ್ನೆ. ನಮ್ಮ ಪುರಾಣದ ಕಂಸನೂ ಇಂಥದೇ ಎಡವಟ್ಟು ಮಾಡಿದನಲ್ಲವೆ? ಯಾವುದನ್ನು ಸೆರೆಯಲ್ಲಿಟ್ಟೆನೆಂದು ನೆಮ್ಮದಿಯಾಗಿದ್ದನೋ ಕಥೆಯೆಲ್ಲ ಅಲ್ಲಿಂದಲೇ ಹೊರಟಿತು.

ನನ್ನ ದಂಡ ಎರಡು ಮುಚ್ಚಳಗಳ ನಡುವೆ ಕೂರಬೇಕಾದುದು. ಅದಕ್ಕೆ ಮುಖ್ಯವಾದುದು ಒಟ್ಟು ಉದ್ದವೇ. ತುಸು ಗಿಡ್ಡವಾದರೂ ಒಳಗೆ ಕುಣಿದು ಸದ್ದು ಮಾಡುತ್ತದೆ. ಇದು ನನಗೆ ತಿಳಿಯದ ವಿಷಯವಲ್ಲ. ಒಟ್ಟಿಗೆ ಮಿತಿ ಕೊಡಬೇಕಾದರೆ ಮೂರು ಮೆಟ್ಟಿಲುಗಳಲ್ಲಿ ಯಾವುದನ್ನು ಸಡಿಲಬಿಡಬೇಕೆಂದು ಮುಖ್ಯಸ್ಥರನ್ನು ಕೇಳಬೇಕಾಗಿತ್ತು. ಅವರು ಸಿಡುಕಿನ ಮನುಷ್ಯರು. ಸಂಜೆಯೂ ಆಗಿತ್ತು. ಅದಕ್ಕಿಂತ ಒಳಗಿನ ಮಾತು ಇನ್ನೊಂದಿದೆ: ಮಿತಿ ಕೊಟ್ಟರೆ ನಾಳೆ ಅದರ ಹೊಣೆ ನನ್ನದು. ಕಂಸ ಹಾಕಿದರೆ ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು. (100) ಎಂದು ಬರೆದು ಸಹಿ ಮಾಡಿ ಬಸ್ಸು ಹಿಡಿದೆ.

ಗಂಡಿನ ವಿಷಯ ವಿಚಾರಿಸಲು ಬಂದವರಿಗೆ ನೆರೆಮನೆಯವರು, “ಒಳ್ಳೆಯ ಹುಡುಗ, ಆದರೆ ನೀವೂ ನಾಲ್ಕು ಕಡೆ ಕೇಳಿ ನೋಡಿ” ಎನ್ನುವುದುಂಟು. ಅದೂ ಒಂದು ಕಂಸವೇ. ಆ ‘ಆದರೆ’ಯ ಹಿಂದೇನಿದೆಯೆಂದು ಹೇಳಿದವರಿಗೆ ಗೊತ್ತು, ಕೇಳಿದವರು ಮಾತ್ರ ಊಹಿಸಬೇಕು.

ಮೂವತ್ತು ದಂಡಗಳು ತಯಾರಾಗಿ ಬಂದವು. ಮೊದಲನೆಯದನ್ನೇ ಅಳೆದರು: 19.92, 29.91, 49.92. ಮೂರೂ ಮಿತಿಯೊಳಗೆ, ಒಟ್ಟು 99.75. ಉಳಿದವೂ ಸುಮಾರು ಹಾಗೆಯೇ. ಹೆಚ್ಚಿದ್ದರೆ ಉಜ್ಜಿ ತೆಗೆಯಬಹುದಿತ್ತು. ಕಡಮೆಯಾದ ಕಬ್ಬಿಣವನ್ನು ಬೆಳೆಸಲಾದೀತೆ? ಮೇಲ್ವಿಚಾರಕರು ಲೇತಿನ ಕೆಲಸಗಾರನನ್ನು ಕರೆಸಿ, “ಇಲ್ಲಿ ನೂರು ಎಂದು ಬರೆದಿದೆ, ಕಣ್ಣು ಕಾಣಿಸಲಿಲ್ಲವೆ?” ಎಂದರು. ಅವನು ಎಣ್ಣೆಯ ಬೆರಳನ್ನು ಕಾಗದದ ಮೇಲಿಟ್ಟು, “ಅದು ಕಂಸದಲ್ಲಿದೆ, ಸ್ವಾಮಿ” ಎಂದ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮಾನಕದ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದೆ. ಅದು ಅವನ ಪರವಾದ ಮಾತೇ. ಆದರೆ ಮುಂದಿನ ಮಾತು ಇನ್ನೊಂದಿತ್ತು: ಆ ಉದ್ದ ಅಲ್ಲಿರಬಾರದಾಗಿತ್ತು, ಅಲ್ಲಿಟ್ಟವನು ನಾನು, ತಿಳಿದೇ ಇಟ್ಟೆ, ಎಂಬುದು. ಅದನ್ನು ಯಾರೂ ಕೇಳಲಿಲ್ಲ. ಕೇಳದುದನ್ನು ಹೇಳಬೇಕಾದ ಕಟ್ಟುಪಾಡು ಯಾವ ಮಾನಕದಲ್ಲಿಯೂ ಇರಲಿಲ್ಲ. ಅನುಮಾನವಿದ್ದಲ್ಲಿ ಕೆಲಸಗಾರ ವಿಚಾರಿಸಬೇಕಾಗಿತ್ತು ಎಂದು ತೀರ್ಮಾನವಾಯಿತು. ಅವನ ಆ ತಿಂಗಳ ಉತ್ಪಾದನಾ ಭತ್ಯ ಹೋಯಿತು. ಎಷ್ಟೆಂದು ನಾನು ತಿಳಿದುಕೊಳ್ಳಲಿಲ್ಲ; ತಿಳಿಯದಿರುವುದೇ ನನಗೆ ಅನುಕೂಲವಾಗಿತ್ತು.

ಕಂಸ ಸುಳ್ಳಲ್ಲವೆಂದು ಈಗಲೂ ವಾದಿಸಬಲ್ಲೆ. ನಿಯಮದಲ್ಲಿ ದೋಷವಿಲ್ಲ. ಅಪ್ಪಣೆ ಕೊಡಬೇಕಾದವನು ಸುದ್ದಿ ಹೇಳಿ ನುಣುಚಿಕೊಂಡದ್ದು ನನ್ನ ದೋಷ. ಅದಕ್ಕೆ ನಿಯಮ ಆಸರೆ ಕೊಟ್ಟಿತೆಂದು ನಿಯಮವನ್ನು ಬೈಯಲಾಗದು.

ವಾರದೊಳಗೆ ನಕ್ಷೆಯನ್ನು ತಿದ್ದಿದೆ. ನೂರರ ಸುತ್ತಲ ಕಂಸವನ್ನು ಬ್ಲೇಡಿನಿಂದ ಕೆರೆದು ಮಿತಿ ಬರೆದೆ. ಐವತ್ತನ್ನು ಕಂಸದೊಳಗೆ ಕಳಿಸಿದೆ. ತಿದ್ದುಪಡಿಯ ಪಟ್ಟಿಯಲ್ಲಿ ಕಾರಣವನ್ನು ಬರೆಯಬೇಕು. ‘ಸ್ಪಷ್ಟತೆಗಾಗಿ’ ಎಂದು ಬರೆದೆ.

ಹೊಸ ಪ್ರತಿಯನ್ನು ನಾನೇ ಲೇತಿನ ಬಳಿಗೆ ಒಯ್ದೆ. ಅವನು ಮೊದಲು ನೋಡಿದ್ದು ಅಳತೆಯನ್ನಲ್ಲ, ಮೂಲೆಯ ಪಟ್ಟಿಯನ್ನು. ನಿಧಾನವಾಗಿ ಓದಿದ. “ಸ್ಪಷ್ಟತೆಗಾಗಿ,” ಎಂದು ಗಟ್ಟಿಯಾಗಿ ಹೇಳಿ, ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು, ಲೇತನ್ನು ಚಾಲೂ ಮಾಡಿದ.