ತಟ್ಟಿಯ ಹೊರಗೆ ನಿಂತ ತಂಗಿ

ನಾಸಿಕ ಜಿಲ್ಲೆಯ ತ್ರ್ಯಂಬಕದಲ್ಲಿ, ಬ್ರಹ್ಮಗಿರಿಯ ಒಡಲಲ್ಲಿ ಉದಿಸುವ ಗೋದಾವರಿಯು ಪಂಚವಟಿಯನ್ನು ಪಾವನಗೊಳಿಸಿ, ಮೂಡಲಿಗೆ ಹರಿದು, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಸೇರುತ್ತಾಳೆ. ಈ ಎರಡು ಕ್ಷೇತ್ರಗಳಿಗೂ ನಾಲ್ವರು ಮಕ್ಕಳ ಪುಣ್ಯಕಥೆಯೊಂದು ಹೆಣೆದುಕೊಂಡಿದೆ. ಪೈಠಣದ ಬಳಿಯ ಆಪೇಗಾವ್ ಅವರ ಪೂರ್ವಜರ ಊರು. ಹಿರಿಯನಾದ ನಿವೃತ್ತಿನಾಥನ ಸಮಾಧಿ ಇರುವುದು ತ್ರ್ಯಂಬಕದಲ್ಲಿ. ಉಳಿದ ಮೂವರು ಜ್ಞಾನದೇವ, ಸೋಪಾನ, ಮುಕ್ತಾಬಾಯಿ.

ತಂದೆಯು ಸಂನ್ಯಾಸದಿಂದ ಮರಳಿ ಗೃಹಸ್ಥನಾದನೆಂಬ ಕಾರಣಕ್ಕೆ ಸಮಾಜವು ಈ ಕೂಸುಗಳನ್ನು ಹೊರಗಿಟ್ಟಿತು. ಶುದ್ಧಿಪತ್ರಕ್ಕಾಗಿ ಅವರು ಪೈಠಣದ ಪಂಡಿತರೆದುರು ನಿಂತರು. ಅಲ್ಲಿ ಕೋಣವು ವೇದ ನುಡಿದ ಪವಾಡವನ್ನು ಕೀರ್ತನಕಾರರು ಸೊಗಸಾಗಿ ವರ್ಣಿಸುತ್ತಾರೆ. ಮಕ್ಕಳು ಬಾಯ್ದೆರೆದು ಕೇಳುತ್ತಾರೆ. ಆದರೆ ಎಳೆಯರ ಶಿಕ್ಷಣಕ್ಕೆ ಅದಕ್ಕಿಂತ ಬೆಲೆಯುಳ್ಳದ್ದು, ಪವಾಡವೇ ಇಲ್ಲದ ಮತ್ತೊಂದು ಪ್ರಸಂಗ.

ಒಮ್ಮೆ ಯಾರದೋ ಕಟುನುಡಿಗೆ ನೊಂದ ಜ್ಞಾನದೇವನು ಗುಡಿಸಲನ್ನು ಹೊಕ್ಕು ಬಾಗಿಲ ತಟ್ಟಿಯನ್ನು ಮುಚ್ಚಿಕೊಂಡನೆಂದು ಸಂಪ್ರದಾಯ ಹೇಳುತ್ತದೆ. ಎಲ್ಲರಿಗಿಂತ ಕಿರಿಯಳಾದ ಮುಕ್ತಾಬಾಯಿ ಹೊರಗೆ ನಿಂತು, ತಟ್ಟಿ ತೆರೆಯೆಂದು ಹಾಡಿನಲ್ಲಿ ಬೇಡಿದಳು. ಆ ಹಾಡುಗಳೇ ಮರಾಠಿಯಲ್ಲಿ 'ತಾಟೀಚೆ ಅಭಂಗ'ಗಳೆಂದು ಪ್ರಸಿದ್ಧವಾದವು. ಆಕೆ ಬಾಗಿಲನ್ನು ದೂಡಲಿಲ್ಲ. ಬೈದವನೊಡನೆ ಜಗಳಕ್ಕೆ ಓಡಲಿಲ್ಲ. ಅಣ್ಣನು ಯಾರೆಂಬುದನ್ನು ಅಣ್ಣನಿಗೇ ನೆನಪಿಸಿದಳು. ನಾಲಗೆ-ಹಲ್ಲುಗಳ ದೃಷ್ಟಾಂತವನ್ನೂ ಕೊಟ್ಟಳು: ಕಚ್ಚಿದ್ದೂ ತನ್ನದೇ, ಕಚ್ಚಿಸಿಕೊಂಡದ್ದೂ ತನ್ನದೇ. ಒಂದನೆಯ ತರಗತಿಯ ಮಗುವಿಗೂ ಇದು ಅರ್ಥವಾಗುತ್ತದೆ.

ಇಂದಿನ ಪ್ರಾಥಮಿಕ ಶಾಲೆಗಳಲ್ಲಿ ಪೆನ್ಸಿಲಿಗಾಗಿ, ಬೆಂಚಿನ ಜಾಗಕ್ಕಾಗಿ ಕಲಹಗಳು ಏಳುತ್ತಲೇ ಇರುತ್ತವೆ. ಹಿರಿಯರು ಇಬ್ಬರನ್ನೂ ಗದರಿ, 'ಸಾರಿ' ಹೇಳಿಸಿ, ಕೈ ತೊಳೆದುಕೊಳ್ಳುತ್ತಾರೆ. ಗದ್ದಲವೇನೋ ಅಡಗುತ್ತದೆ, ತಟ್ಟಿ ಮಾತ್ರ ಮುಚ್ಚಿಯೇ ಇರುತ್ತದೆ. ಒಬ್ಬನು ತನ್ನ ನೋವನ್ನು ಪೂರ್ತಿ ಹೇಳಲಿ. ಮತ್ತೊಬ್ಬನು ತಾನು ಕೇಳಿದ್ದನ್ನು ಮರಳಿ ಹೇಳಲಿ. ಆಮೇಲೆ ಸರದಿ ಬದಲಾಗಲಿ. ಪರಿಹಾರವನ್ನು ಅವರೇ ಸೂಚಿಸಲಿ. ಮೂರನೆಯ ಮಗುವೊಂದು ಮುಕ್ತಾಬಾಯಿಯಂತೆ ನಡುವೆ ನಿಂತರೆ ಇನ್ನೂ ಒಳ್ಳೆಯದು. ಗೆಳೆಯನ ಮಾತಿಗೆ ಎಳೆಯ ಮನಸ್ಸು ಬೇಗ ಕರಗುತ್ತದೆ.

ಪೈಠಣದ ಏಕನಾಥ ಮಹಾರಾಜರು ತಮ್ಮ ಮೇಲೆ ಉಗುಳಿದವನಿಗೆ ಸಿಟ್ಟಾಗದೆ ಮತ್ತೆ ಮತ್ತೆ ಗೋದೆಯಲ್ಲಿ ಮಿಂದ ಕಥೆಯನ್ನೂ ಮಕ್ಕಳಿಗೆ ಹೇಳುವುದುಂಟು. ಹೇಳಬೇಕಾದದ್ದೇ, ಆದರೆ ಎಚ್ಚರವಿರಲಿ. ದಿನವೂ ಪೆಟ್ಟು ತಿನ್ನುವ ಮಗುವಿಗೆ ಸಹನೆಯನ್ನು ಮಾತ್ರ ಬೋಧಿಸುವುದು ಧರ್ಮವಲ್ಲ. ಏಕನಾಥರದು ಬಲ್ಲವರು ತಾವಾಗಿ ಆರಿಸಿಕೊಂಡ ಕ್ಷಮೆ. ಪೆಟ್ಟು ತಿನ್ನುವ ಮಗುವಿಗೆ ಮೊದಲು ಬೇಕಾದದ್ದು ಹಿರಿಯರ ರಕ್ಷಣೆ.

ಇನ್ನು ದೊಡ್ಡವರ ಮಾತು. ಮಕ್ಕಳು ಸಂಜೆಗೇ ಒಂದಾಗಿ ಆಡುತ್ತಿದ್ದರೂ, ಅವರ ಜಗಳವನ್ನು ಹಿಡಿದು ತಾಯ್ತಂದೆಯರು ಒಂದೇ ಕಟ್ಟಡದಲ್ಲಿ ತಿಂಗಳುಗಟ್ಟಲೆ ಮುಖ ತಿರುಗಿಸಿ ನಡೆಯುವುದು ಮಹಾನಗರಗಳಲ್ಲಿ ಅಪರೂಪವಲ್ಲ. ವಿಜಯದಶಮಿಯಂದು ಉತ್ತರ ಕರ್ನಾಟಕದವರು ಬನ್ನಿಯನ್ನೂ, ಮರಾಠಿಗರು 'ಸೋನೆ' ಎಂದು ಆಪಟೆಯ ಎಲೆಯನ್ನೂ ಹಂಚುತ್ತಾರೆ. ಮಾತು ಬಿಟ್ಟವರ ಮನೆಗೂ ಅಂದು ಹೋಗಬಹುದು. ಈ ವರ್ಷ ಮಗುವಿನ ಕೈಗೆ ಎಲೆ ಕೊಟ್ಟು, ಎದುರುಮನೆಯ ಬಾಗಿಲನ್ನು ತಂದೆಯೇ ತಟ್ಟಲಿ.