ಬಿಸಿಲಿಗೆ ಹಿಡಿದರೂ ಕಾಣದ ಗುರುತು

ಸಂತೆಯಲ್ಲಿ ತರಕಾರಿ ಮಾರುವ ಹೆಂಗಸು ಐನೂರರ ನೋಟನ್ನು ಬಿಸಿಲಿಗೆ ಹಿಡಿದು ನೋಡಿದರೆ ನಮಗೆ ಅವಮಾನವೆನಿಸುವುದಿಲ್ಲ. ಒಳಗಿರುವ ಗಾಂಧಿಯ ಮುಖ ಕೊಡುವವನಿಗೂ ಕಾಣುತ್ತದೆ, ತೆಗೆದುಕೊಳ್ಳುವವಳಿಗೂ ಕಾಣುತ್ತದೆ. 13ನೇ ಶತಮಾನದಲ್ಲಿ ಇಟಲಿಯ ಫಾಬ್ರಿಯಾನೊ ಊರಿನ ಕಾಗದ ತಯಾರಕರು ಶುರುಮಾಡಿದ ವಾಟರ್‌ಮಾರ್ಕ್ ಇಂಥದ್ದು. ಬೆಳಕಿಗೆ ಹಿಡಿದವರಿಗೆಲ್ಲ ಅದು ತೆರೆದುಕೊಳ್ಳುತ್ತದೆ.

ಕಂಪ್ಯೂಟರಿನ ತಂತ್ರಾಂಶದೊಳಗೂ ವಾಟರ್‌ಮಾರ್ಕ್ ಅಡಗಿಸಬಹುದು. ಕೊಂಡವನಿಗೆ ಮಾತ್ರ ಅದು ಕಾಣದು. ಪ್ರೋಗ್ರಾಮಿನ ಕೆಲಸ ಕೆಡದಂತೆ ಅದರ ತುಣುಕುಗಳನ್ನು ಹಿಂದುಮುಂದು ಮಾಡಿ, ಆ ಕ್ರಮದಲ್ಲೇ ಒಂದು ಸಂಖ್ಯೆಯನ್ನು ಹುದುಗಿಸುವ ವಿಧಾನಕ್ಕೆ ಮೈಕ್ರೋಸಾಫ್ಟ್ 1996ರಲ್ಲಿ ಪೇಟೆಂಟ್ ಪಡೆಯಿತು. 1999ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಕೋಲ್‌ಬರ್ಗ್ ಮತ್ತು ಕ್ಲಾರ್ಕ್ ಥಾಂಬರ್‌ಸನ್ ಇನ್ನೂ ಸೂಕ್ಷ್ಮವಾದ ದಾರಿ ತೋರಿಸಿದರು. ಒಡೆಯನಿಗಷ್ಟೇ ಗೊತ್ತಿರುವ ಗುಟ್ಟಿನ ಮಾಹಿತಿಯನ್ನು ಉಣಿಸಿದಾಗ ಪ್ರೋಗ್ರಾಮು ಕಂಪ್ಯೂಟರಿನ ಸ್ಮರಣೆಯಲ್ಲಿ ಒಂದು ಜಾಲ ಹೆಣೆಯುತ್ತದೆ. ಆ ಜಾಲದ ಆಕಾರವೇ ಸಂಖ್ಯೆ. ಅದು ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ಆ ಎರಡನ್ನೂ ಹೇಳಬಲ್ಲವನೇ ಒಡೆಯ. ಇದರಿಂದ ಕಳ್ಳತನವೇನೂ ನಿಲ್ಲುವುದಿಲ್ಲ. ಕಳುವಾದ ಮೇಲೆ ಸಾಕ್ಷಿ ಹೇಳುವುದಷ್ಟೇ ಇದರ ಕೆಲಸ. ಜಾಣ ಕಳ್ಳ ತುಣುಕುಗಳನ್ನು ಮತ್ತೊಮ್ಮೆ ಕಲಸಿಬಿಟ್ಟರೆ ಮೊದಲ ಬಗೆಯ ಗುರುತು ಅಳಿದೇ ಹೋಗುತ್ತದೆ.

ಒಡೆತನ ಸಾರುವ ಗುರುತಿನ ಬಗ್ಗೆ ನನ್ನ ತಕರಾರಿಲ್ಲ. ಹಲವು ವರ್ಷಗಳ ಹಿಂದೆ ನನ್ನದೊಂದು ಕಥೆ ಬೇರೆ ಯಾರದೋ ಹೆಸರಿನಲ್ಲಿ ನಾಟಕವಾಯಿತು. ಊರು, ಪಾತ್ರಗಳ ಹೆಸರು ಎಲ್ಲ ಬದಲಾಗಿದ್ದವು. ನಾನು ಕಲ್ಪಿಸಿದ್ದ ಕುಂಟ ಮೇಕೆ ಮಾತ್ರ ಕುಂಟುತ್ತಲೇ ರಂಗಕ್ಕೆ ಬಂತು. ಆ ಸಂಜೆ ಅದೊಂದೇ ನನ್ನ ಸಾಕ್ಷಿ.

ಆದರೆ ಇನ್ನೊಂದು ಬಗೆ ಇದೆ. ಅದಕ್ಕೆ ಬೆರಳಚ್ಚು ಎನ್ನುತ್ತಾರೆ. ಒಬ್ಬೊಬ್ಬ ಗ್ರಾಹಕನ ಪ್ರತಿಯಲ್ಲೂ ಬೇರೆ ಬೇರೆ ಸಂಖ್ಯೆ ಇಡುತ್ತಾರೆ. ಕಳ್ಳಪ್ರತಿ ಬಜಾರಿನಲ್ಲಿ ಸಿಕ್ಕರೆ ಯಾರ ಕೈಯಿಂದ ಸೋರಿತೆಂದು ತಿಳಿಯುತ್ತದೆ. ನಿಜವಾಗಿ ತಿಳಿಯುತ್ತದೆಯೇ? ರಿಪೇರಿಗೆ ಕೊಟ್ಟ ಕಂಪ್ಯೂಟರಿನಿಂದ ಅಂಗಡಿಯ ಹುಡುಗ ನಕಲು ಮಾಡಿಕೊಂಡಿದ್ದರೂ ಗುರುತು ಹೇಳುವುದು ಹಣ ಕೊಟ್ಟು ಕೊಂಡವನ ಹೆಸರನ್ನೇ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ನಮ್ಮ ಕನ್ನಡ ಕಚೇರಿಗಳಲ್ಲಿ ಅಮಾನತು ಎಂದರೆ ಆರೋಪ ಹೊತ್ತ ನೌಕರನನ್ನು ಹೊರಗೆ ಕೂರಿಸುವುದು. ಇಲ್ಲಿ ಪ್ರಾಮಾಣಿಕ ಗ್ರಾಹಕ ಎರಡನೆಯ ಅರ್ಥದ ಅಮಾನತಿನಲ್ಲಿದ್ದಾನೆ, ಅದೂ ತನಗೇ ತಿಳಿಯದೆ.

ಹಲವು ಬಣ್ಣದ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳನ್ನು ಮೂಡಿಸುತ್ತವೆ. ಒಂದು ಮಾದರಿಯ ಚುಕ್ಕೆಗಳಲ್ಲಿ ಯಂತ್ರದ ಸಂಖ್ಯೆ, ಮುದ್ರಿಸಿದ ದಿನ, ವೇಳೆ ಇರುವುದನ್ನು 2005ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಬಿಡಿಸಿ ತೋರಿಸಿತು. ಖೋಟಾ ನೋಟು ಮಾಡುವವರನ್ನು ಹಿಡಿಯಲು ಬಂದ ಉಪಾಯವಿದು. ಆದರೆ ಹೆಸರು ಹಾಕದೆ ಮೇಲಧಿಕಾರಿಯ ಲಂಚದ ಬಗ್ಗೆ ದೂರು ಬರೆದವನ ಹಾಳೆಯ ಮೇಲೂ ಅವೇ ಚುಕ್ಕೆಗಳು ಬೀಳುತ್ತವೆ.

ಮೊದಲೇ ಹೇಳಿಬಿಟ್ಟರೆ ಕಳ್ಳ ಎಚ್ಚರಗೊಳ್ಳುತ್ತಾನೆ ಎನ್ನಬಹುದು. ಗುರುತು ಎಲ್ಲಿದೆ ಎಂಬುದು ಗುಟ್ಟಾಗಿರಲಿ, ಇದೆ ಎಂಬುದು ಯಾಕೆ ಗುಟ್ಟಾಗಬೇಕು? ಕೋಲ್‌ಬರ್ಗ್ ಮತ್ತು ಥಾಂಬರ್‌ಸನ್ ಅವರ ವಿಧಾನದ ಬಲವಿರುವುದೂ ಆ ಗುಟ್ಟಿನ ಮಾಹಿತಿಯಲ್ಲೇ. ಕೊಳ್ಳುವವನಿಗೆ ವಿಷಯ ತಿಳಿಸಿದ್ದರಿಂದ ಅದೇನೂ ಸಡಿಲವಾಗುವುದಿಲ್ಲ.

ಇಷ್ಟು ಬರೆದವನು ಇನ್ನೊಂದನ್ನೂ ಹೇಳಬೇಕು. ಆ ಮೇಕೆಯ ಕಥೆ ಟೈಪಾದದ್ದು ನಮ್ಮೂರಿನ ಡಿಟಿಪಿ ಅಂಗಡಿಯೊಂದರಲ್ಲಿ. ಅಲ್ಲಿನ ಕಂಪ್ಯೂಟರಿನಲ್ಲಿದ್ದ ಯಾವ ತಂತ್ರಾಂಶಕ್ಕೂ ಯಾರೂ ಹಣ ಕೊಟ್ಟಿರಲಿಲ್ಲ, ನನಗದು ಗೊತ್ತಿತ್ತು. ನಾಟಕದವರ ಮೇಲಿನ ಸಿಟ್ಟನ್ನು ಅಂಗಡಿಯವನ ಮುಂದೆ ತೋಡಿಕೊಂಡಾಗ ಅವನು ಟೈಪು ಮಾಡುತ್ತಲೇ, “ಹೌದು ಸಾರ್, ಎಲ್ಲಾ ಕಳ್ಳರು” ಎಂದ. ನಾನೂ ತಲೆಯಾಡಿಸಿದೆ.